ಗಂಗವ್ವನ ಕೈ ತಪ್ಪಿರಲಿಲ್ಲ

ಗಂಗವ್ವ ಹಾಕಿದ ಕೊಂಡಿ ತಾನಾಗಿ ಬಿಟ್ಟಿರಲಿಲ್ಲ. ಬಿಡಿಸಿದವಳು ನಾನು. ನಡುಹಗಲಿನಲ್ಲಿ, ಬಾಗಿಲು ತೆರೆದೇ ಇಟ್ಟುಕೊಂಡು, ಇದೇ ಎರಡು ಕೈಯಿಂದ.

ಇದನ್ನು ಮೊದಲೇ ಬರೆದುಬಿಟ್ಟೆ. ಕಡೆಗೆ ಇಟ್ಟುಕೊಂಡರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾನೇ ಸುಳ್ಳು ಹೇಳಲು ಶುರು ಮಾಡುತ್ತೇನೆ — ನನ್ನ ಗುಣ ನನಗೆ ಗೊತ್ತು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಗಂಗವ್ವ ನನ್ನ ನಾದಿನಿ, ನನ್ನ ಗಂಡನ ತಂಗಿ. ನಮ್ಮದು ಇಳಕಲ್ಲಿನ ನೇಕಾರ ಮನೆ. ಅವಳಿಗೆ ಇಪ್ಪತ್ತು ತುಂಬುವ ಮೊದಲೇ ಗಂಡ ತೀರಿಕೊಂಡ. ಒಂದು ಗಂಟು ಬಟ್ಟೆ ಹಿಡಿದು ತವರಿಗೆ ಬಂದಳು. ನಮ್ಮವರಲ್ಲಿ ಗಂಡ ಸತ್ತವಳಿಗೆ ಉಡಿಕೆ ಮದುವೆ ಇತ್ತು, ಮಾಡಬಹುದಿತ್ತು. ಯಾರೂ ಆ ಮಾತು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದರೆ ಅವಳ ಕೈ ಮನೆಗೆ ಬೇಕಾಗಿತ್ತು. ಇದೂ ಒಂದು ಪಾಪವೇ, ಆದರೆ ಇದು ಎಲ್ಲರೂ ಕೂಡಿ ಮಾಡಿದ್ದು. ನಾನು ಹೇಳಹೊರಟಿರುವುದು ನಾನೊಬ್ಬಳೇ ಮಾಡಿದ್ದು.

ಇಳಕಲ್ ಸೀರೆಗೆ ಮೈ ಬೇರೆ, ಸೆರಗು ಬೇರೆ. ಮೈಯ ಹಾಸು, ಎಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆ, ನೂಲಿನದು; ಸೆರಗಿನ ಹಾಸು ಕೆಂಪು ರೇಷ್ಮೆಯದು. ಮಗ್ಗಕ್ಕೆ ಏರಿಸುವ ಮೊದಲು ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಆ ಸಿಕ್ಕಿಗೆ ಕೊಂಡಿ ಎನ್ನುತ್ತೇವೆ. ನೇಯುವವರು ಗಂಡಸರು, ಕೊಂಡಿ ಹಾಕುವವರು ಹೆಂಗಸರು. ಕೊಂಡಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಸೀರೆ ನಿಂತಿರುವುದು ಅದರ ಮೇಲೆ. ನಾನೂ ಹಾಕುತ್ತಿದ್ದೆ. ಗಂಗವ್ವನ ಹಾಗೆ ಹಾಕುವವರು ನಮ್ಮ ಓಣಿಯಲ್ಲೇ ಇರಲಿಲ್ಲ. ಅವಳು ಕೂಡಿಸಿದ ಕಡೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ನೂಲು ಎಲ್ಲಿ ಮುಗಿದು ರೇಷ್ಮೆ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ.

ಆ ಸೆರಗಿನ ಮೇಲೆ ಬಿಳಿಯದರಲ್ಲಿ ಜೋಳದ ತೆನೆ ನೇಯುತ್ತಾರೆ, ಕೋಟೆಯ ತೆನೆ ನೇಯುತ್ತಾರೆ, ಹಣಿಗೆ ನೇಯುತ್ತಾರೆ, ರಂಪ ನೇಯುತ್ತಾರೆ. ರಂಪ ಎಂದರೆ ಗುಡ್ಡಸಾಲು. ಜೋಳ ನಾವು ಕಂಡದ್ದು, ಹಣಿಗೆ ತಲೆಗೆ ದಿನಾ ಮುಟ್ಟುವಂಥದ್ದು. ಗುಡ್ಡಸಾಲು ಮಾತ್ರ ನಮ್ಮಲ್ಲಿ ಯಾರೂ ಕಂಡವರಿಲ್ಲ. ಒಮ್ಮೆ ಬನಶಂಕರಿಗೆ ಹೋದಾಗ ಗಂಗವ್ವ ಬಾದಾಮಿಯ ಕೆಂಪು ಬಂಡೆಗಳನ್ನು ತಲೆ ಎತ್ತಿ ಬಹಳ ಹೊತ್ತು ನೋಡಿ, “ಇವು ಗುಡ್ಡ ಅಲ್ರಿ ವೈನಿ. ತುದೀನ ಇಲ್ಲ ನೋಡ್ರಿ, ಕುಡಗೋಲಿನಿಂದ ಸವರಿ ಇಟ್ಟಂಗೈತಿ” ಎಂದಿದ್ದಳು. ನಾನು ಹಣ್ಣುಕಾಯಿಯ ಬುಟ್ಟಿ ಹೊತ್ತು ಸಾಕಾಗಿ, “ಗುಡ್ಡ ಯಾವುದಾದ್ರೇನು, ನಡಿ” ಎಂದಿದ್ದೆ.

ನಮ್ಮ ಕಡೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಬೇಸಿಗೆ ಅದು. ಓಣಿಯ ತುದಿಗೆ ಭೀಮರಾವ ಮಾಸ್ತರರ ಮನೆ. ಅವರ ಮಗ ಅರಣ್ಯ ಖಾತೆಯಲ್ಲಿ ನೌಕರಿ ಹಿಡಿದು ದೂರ ಉತ್ತರಕ್ಕೆ, ಹಿಮಾಲಯದ ಬುಡಕ್ಕೆ ಹೋಗಿದ್ದ. ಬೇಸಿಗೆಯ ರಜೆಗೆ ಬನ್ನಿ, ಅಡವಿಯೊಳಗಿನ ಬಂಗಲೆಯಲ್ಲಿ ನಾಲ್ಕು ದಿನ ಇರಲು ಪರವಾನಗಿ ಮಾಡಿಸುತ್ತೇನೆ ಎಂದು ಬರೆದಿದ್ದ. ಮಾಸ್ತರರು ಆ ಪತ್ರವನ್ನು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಓದಿದರು.

“ರಾಷ್ಟ್ರೀಯ ಉದ್ಯಾನ ಅಂತ ಹೆಸರಿಟ್ಟಾರಂತ.”

“ಉದ್ಯಾನ ನೋಡಾಕ ಅಷ್ಟ ದೂರ ಯಾಕ್ರಿ ಮಾಸ್ತರ್ರ?” ಎಂದೆ ನಾನು. “ನಮ್ಮ ಹಿತ್ತಲದಾಗ ಮಲ್ಲಿಗಿ ಬಳ್ಳಿ ಐತಿ, ಬಂದು ನೋಡಿ ಹೋಗ್ರಿ.”

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. “ಇದು ಹೂವಿನ ತ್ವಾಟ ಅಲ್ಲ ಈರವ್ವ. ಅಡವಿ. ಹುಲಿ, ಆನಿ, ಜಿಂಕಿ ತಮ್ಮ ಪಾಡಿಗೆ ತಾವು ಇರ್ತಾವ, ಯಾರೂ ಬಂದೂಕು ಎತ್ತೂಹಂಗಿಲ್ಲ. ಅಲ್ಲಿಂದ ಮ್ಯಾಲೆ ಏರಿ ನೋಡಿದ್ರ ಬೆಳ್ಳಗ ಬರ್ಫದ ಗುಡ್ಡ. ಸಾಲಿನ ಹಿಂದ ಸಾಲು.”

ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಗಂಗವ್ವನ ಕೈ ನಿಂತಿತು. “ಸಾಲಿನ ಹಿಂದ ಸಾಲು ಅಂದ್ರ… ರಂಪದಂಗೇನ್ರಿ?”

“ಹೌದ ನೋಡು. ರಂಪದಂಗ.”

ಅವಳನ್ನು ಕರೆದುಕೊಂಡು ಹೋಗುತ್ತೇವೆಂದು ಮೊದಲು ಹೇಳಿದವರು ಮಾಸ್ತರರ ಹೆಂಡತಿ ಕಾಶೀಬಾಯಿ. ಬರೀ ದೊಡ್ಡ ಮನಸ್ಸಿನಿಂದ ಅಲ್ಲ. ಅವರಿಗೆ ಸೊಂಟದ ನೋವು. ನೀರು ತರಲು, ಹಾಸಿಗೆ ಸುತ್ತಲು ಜೊತೆಗೊಬ್ಬಳು ಬೇಕಾಗಿದ್ದಳು. ಗಂಗವ್ವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವಳ ಮುಖ — ಹೇಗೆ ಬರೆಯಲಿ — ಮದುವೆಯ ದಿನ ಸಹ ಆ ಮುಖ ಹಾಗಿರಲಿಲ್ಲ. ನಮ್ಮ ಮನೆಯವರು, ಅವಳ ಅಣ್ಣ, ಒಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ. ಅವರು, “ಹೋಗಿ ಬರಲಿ ಬಿಡು. ಹುಟ್ಟಿದಾಗಿಂದ ಏನ ಕೇಳ್ಯಾಳ ಆಕಿ?” ಎಂದುಬಿಟ್ಟರು. ಒಂದೇ ಕರಾರು. ಕೆರೂರಿನ ಮದುವೆಯೊಂದಕ್ಕೆ ಧಾರೆಯ ಸೀರೆ ಒಪ್ಪಿಕೊಂಡಿದ್ದೆವು. ಅದು ಮಗ್ಗದಿಂದ ಇಳಿಯಬೇಕು. ಕೊಂಡಿ ಹಾಕಿದವಳು ಆ ಸೀರೆ ಇಳಿಯುವ ತನಕ ಊರು ಬಿಡಬಾರದು — ನಮ್ಮ ಅತ್ತೆಯ ಕಾಲದಿಂದ ಮನೆಯಲ್ಲಿ ನಡೆದುಬಂದ ಕಟ್ಟು ಇದು. ಕೊಂಡಿ ಬಿಟ್ಟರೆ ಕೂಡಿಸಲು ಅದೇ ಕೈ ಬೇಕು ಎಂದು ಇರಬೇಕು. ಲೆಕ್ಕ ಹಾಕಿದರೆ ಗಾಡಿ ಹತ್ತುವ ಮೂರು ದಿನ ಮೊದಲೇ ಸೀರೆ ಇಳಿಯುತ್ತಿತ್ತು.

ಒಂದು ತಿಂಗಳು ಮನೆಯಲ್ಲಿ ಅದೇ ಮಾತು. ಇಳಕಲ್ಲಿನಿಂದ ಮೋಟಾರು, ಹುನಗುಂದ ದಾಟಿ ಬಾಗಲಕೋಟೆ, ಅಲ್ಲಿಂದ ರೈಲು, ಸೊಲ್ಲಾಪುರದಲ್ಲಿ ಗಾಡಿ ಬದಲಿ, ಮುಂದೆ ದಿಲ್ಲಿ, ಅದರಾಚೆಗೂ ಇನ್ನೂ ಒಂದು ಗಾಡಿ. ಗಂಗವ್ವ ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ಕಟಕ ರೊಟ್ಟಿ ಬಡಿದು ಅರಿವೆಯಲ್ಲಿ ಕಟ್ಟಿಟ್ಟಳು, ಶೇಂಗಾ ಹಿಂಡಿ ಕುಟ್ಟಿದಳು. “ಬರ್ಫಕ್ಕ ವಾಸನಿ ಇರ್ತೈತೇನ್ರಿ?” ಎಂದು ಮಾಸ್ತರರನ್ನು ಕೇಳಿದಳು. ಓಣಿಯಲ್ಲಿ ಹಾಸು ಚಾಚಿ ಗಂಜಿ ಹಚ್ಚುವಾಗ ಹೆಂಗಸರು ಕಾಡುತ್ತಿದ್ದರು: “ಏ ಗಂಗಿ, ಹುಲಿ ಹೆಂಡ್ತಿಗೆ ಒಂದ ಸೀರಿ ಒಯ್ಯ. ಗಿಡ್ಡನ ಸೆರಗು ಹಾಕು, ಇಲ್ಲಾಂದ್ರ ಬಾಲಕ್ಕ ಸಿಗಬೀಳ್ತೈತಿ!” ಅವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಪರವಾನಗಿಯ ಕಾಗದ ಬಂತು. ಅದರಲ್ಲಿ ಮೂರು ಹೆಸರು. ಮೂರನೆಯದು ಅವಳದು ಎಂದು ಮಾಸ್ತರರು ಬೆರಳಿಟ್ಟು ತೋರಿಸಿದರು. ಇಂಗ್ಲಿಷ್ ಅಕ್ಷರ, ಅವಳಿಗೆ ಕನ್ನಡವೂ ಬಾರದು. ಆದರೂ ಬೆರಳನ್ನು ಸೀರೆಗೆ ಒರೆಸಿಕೊಂಡು ಆ ಅಕ್ಷರಗಳನ್ನು ಮುಟ್ಟಿದಳು.

ನಾನು ಅಲ್ಲಿಂದ ಎದ್ದು ಗಂಜಿಯ ಒಲೆಗೆ ಕಟ್ಟಿಗೆ ಒಟ್ಟಲು ಹೋದೆ.

ನನಗೆ ಹನ್ನೆರಡಕ್ಕೆ ಮದುವೆಯಾಗಿತ್ತು. ತವರು ಹುನಗುಂದ. ಹುನಗುಂದದಿಂದ ಇಳಕಲ್ಲು, ಇಳಕಲ್ಲಿನಿಂದ ಹುನಗುಂದ, ಒಮ್ಮೆ ಬನಶಂಕರಿ — ನಾನು ಕಂಡ ಲೋಕ ಇಷ್ಟು. ಮೂರು ಮಕ್ಕಳು, ಹೊಟ್ಟೆಯಲ್ಲಿ ನಾಲ್ಕನೆಯದು. ಈರವ್ವ, ನೀನೂ ಬರುತ್ತೀಯೇನು ಎಂದು ಯಾರೂ ಕೇಳಲಿಲ್ಲ. ಬರಲಾಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಾಯಿಮಾತಿಗಾದರೂ ಕೇಳಬಹುದಿತ್ತು. ಗಂಡ ಸತ್ತವಳು ಹಿಮಾಲಯ ನೋಡುತ್ತಾಳೆ, ಮುತ್ತೈದೆ ನಾನು ಗಂಜಿ ಕಾಸುತ್ತೇನೆ — ಹೀಗೆಯೇ ಅಂದುಕೊಂಡೆ. ಇದೇ ಮಾತಿನಲ್ಲಿ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ. ಮನೆಯ ಕೆಲಸ ನಿಲ್ಲುತ್ತದೆ ಎಂಬ ಚಿಂತೆಯಿಂದ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದು ಹೊಟ್ಟೆಕಿಚ್ಚು.

ಕೊಂಡಿ ಬಿಡಿಸಿದ ದಿನ ಮಧ್ಯಾಹ್ನ ಗಂಗವ್ವ ಕಾಶೀಬಾಯಿಯ ಮನೆಗೆ ಹೋಗಿದ್ದಳು. ಮಗ ಕಳಿಸಿದ್ದ ಹಳೆಯ ಉಣ್ಣೆಯ ಕೋಟೊಂದು ಅವಳ ಮೈಗೆ ಆಗುತ್ತದೋ ನೋಡೋಣ ಬಾ ಎಂದು ಕರೆದಿದ್ದರು. ನಮ್ಮ ಮನೆಯವರು ನೂಲು ತರಲು ಪೇಟೆಗೆ ಹೋಗಿದ್ದರು. ಪಡಸಾಲೆಯಲ್ಲಿ ಕೆರೂರಿನ ಸೀರೆಯ ಹಾಸು — ಕೊಂಡಿ ಮುಕ್ಕಾಲು ಮುಗಿದಿತ್ತು. ನಾನು ಹೋಗಿ ಕೂತೆ. ನಡುಮಧ್ಯದಲ್ಲಿ ಒಂದು ಎಳೆಯ ಸಿಕ್ಕು ಬಿಡಿಸಿದೆ. ಆಮೇಲೆ ಇನ್ನೊಂದು. ಐವತ್ತರ ತನಕ ಬಿಡಿಸಿರಬೇಕು. ಬಿಡಿಸಿ ಹಾಗೆಯೇ ಬಿಟ್ಟಿದ್ದರೆ ಅವಳು ಬಂದ ಕೂಡಲೇ ಕಂಡುಹಿಡಿಯುತ್ತಿದ್ದಳು. ಬಟ್ಟಲಿನಲ್ಲಿ ಗಂಜಿ ಉಳಿದಿತ್ತು. ನೂಲಿನ ತುದಿ, ರೇಷ್ಮೆಯ ತುದಿ ಜೋಡಿಸಿ ಹೊಸೆದು ಗಂಜಿ ಹಚ್ಚಿದೆ. ಆ ಬಿಸಿಲಿಗೆ ಒಣಗಲು ಎಷ್ಟು ಹೊತ್ತು? ನೋಡಿದರೆ ಕೊಂಡಿ. ಜಗ್ಗಿದರೆ ಮಾತ್ರ ಅಲ್ಲ. ಕೊಂಡಿ ಹಾಕಲು ಬಲ್ಲ ಕೈಗೆ ಮಾತ್ರ ಹಾಗೆ ಕೆಡಿಸಲು ಬರುತ್ತದೆ.

ಅವಳು ನಗುತ್ತ ಬಂದಳು. ಬೇಸಿಗೆಯ ಬಿಸಿಲಿನಲ್ಲಿ ಉಣ್ಣೆಯ ಕೋಟು ಹಾಕಿ ತೆಗೆದು ಮೈಯೆಲ್ಲ ಬೆವರು.

“ವೈನಿ, ಅದನ್ನ ಹಾಕ್ಕೊಂಡ್ರ ಥೇಟ್ ಕರಡಿ ಕಂಡಂಗ ಕಾಣ್ತೇನಿ! ಹುಲಿ ನನ್ನ ನೋಡಿ ಓಡಿ ಹೊಕ್ಕಾವ ನೋಡ್ರಿ.”

ನಾನು ಕುಡಿಯಲು ನೀರು ಕೊಟ್ಟೆ. ಅವಳು ಕುಡಿದು, ಬೆವರು ಒರೆಸಿಕೊಂಡು, ಉಳಿದ ಎಳೆಗಳಿಗೆ ಕೊಂಡಿ ಹಾಕಲು ಕೂತಳು. ಆ ಹೊತ್ತಿನಿಂದ ಮರುದಿನ ಹಾಸು ಮಗ್ಗಕ್ಕೆ ಏರುವ ತನಕ — ಒಂದು ಮಾತು ಸಾಕಾಗಿತ್ತು. ಗಂಗವ್ವ, ನಡುವೆ ಒಮ್ಮೆ ನೋಡು ಎಂದಿದ್ದರೆ ಸಾಕಾಗಿತ್ತು. ಬಾಯಲ್ಲಿ ಮಾತು ಇತ್ತು. ನಾನು ಮಕ್ಕಳಿಗೆ ಊಟಕ್ಕೆ ಹಾಕಿದೆ.

ಮರುದಿನ ಮನೆಯವರು ಮಗ್ಗದ ಕುಣಿಯಲ್ಲಿ ಇಳಿದು ಹಾಸು ಬಿಗಿದರು. ಒಮ್ಮೆ ತುಳಿದರು. ಎರಡನೆಯ ತುಳಿತಕ್ಕೆ ನಡುವೆ ಎಳೆಗಳು ಸರಸರ ಬಿಟ್ಟವು. ಬಿಗಿ ತಪ್ಪಿ ಪಕ್ಕದ ರೇಷ್ಮೆಯೂ ಹರಿಯಿತು. ಹಾಸು ಬಾಯಿ ತೆರೆದುಕೊಂಡಿತು. ಇವರು ಕುಣಿಯಿಂದ ಮೇಲೆ ಬಂದರು. ಬೈಯುವ ಮನುಷ್ಯರಲ್ಲ. ಆಮೇಲೆ ತಂಗಿಯ ಕಡೆ ನೋಡಿ ಹೇಳಿದರು:

“ನಿನ್ನ ಮನಸ ಗುಡ್ಡದ ಮ್ಯಾಲಿತ್ತವಾ. ಕೈ ಇಲ್ಲಿರಲಿಲ್ಲ.”

ಗಂಗವ್ವ ಹರಿದ ತುದಿಗಳನ್ನು ಎತ್ತಿ ಹಿಡಿದು ನೋಡಿದಳು. ಇದು ನನ್ನ ಕೆಲಸವಲ್ಲ ಎನ್ನುತ್ತಾಳೆ, ಈಗ ನನ್ನ ಕಡೆ ತಿರುಗುತ್ತಾಳೆ ಎಂದು ನಾನು ಗೋಡೆ ಹಿಡಿದು ನಿಂತಿದ್ದೆ. ಅವಳು, “ಖರೆ ಅಣ್ಣಾ” ಎಂದಳು.

ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ. ಕೊಂಡಿ ಬಿಟ್ಟ ಹಾಸನ್ನು ಧಾರೆಯ ಸೀರೆಗೆ ಹೊಲಿದು ಕೂಡಿಸಿ ಕೊಡುವಂತಿಲ್ಲ. ಮದುಮಗಳಿಗೆ ಅದು ಸಲ್ಲದು. ಹೊಸ ಹಾಸು, ಹೊಸ ಗಂಜಿ, ಹೊಸ ಕೊಂಡಿ. ಗಾಡಿಯ ದಿನಕ್ಕೆ ಸೀರೆ ಅರ್ಧವೂ ಆಗುತ್ತಿರಲಿಲ್ಲ. ಕಾಶೀಬಾಯಿ ಬಂದು, “ನಿಮ್ಮ ವೈನಿ ನೋಡ್ಕೋತಾಳ ಬಿಡ ಗಂಗವ್ವ, ಆಕಿಗೂ ಕೊಂಡಿ ಬರ್ತೈತಿ” ಎಂದು ಹೇಳಿಯೂ ನೋಡಿದರು. ನಾನು ನೆಲ ನೋಡುತ್ತ ನಿಂತೆ. ಹೂಂ ಎನ್ನಲಿಲ್ಲ. ಗಂಗವ್ವನೇ, “ಬ್ಯಾಡ್ರಿ ಬಾಯಾರ. ನಾ ಕೆಡಿಸೇನಿ, ನಾನ ಕೂಡಸ್ತೇನಿ” ಎಂದಳು.

ಅವರು ಹೊರಟ ದಿನ ಕಾಶೀಬಾಯಿಯ ಹಾಸಿಗೆಯ ಸುರುಳಿಯನ್ನು ತಲೆಯ ಮೇಲೆ ಹೊತ್ತು ಮೋಟಾರಿನ ತನಕ ಹೋಗಿ ಏರಿಸಿ ಬಂದವಳು ಅವಳೇ. ತಾನು ಬಡಿದಿಟ್ಟಿದ್ದ ಕಟಕ ರೊಟ್ಟಿಯ ಗಂಟು ಬಿಚ್ಚಿ ನಮ್ಮ ಮಕ್ಕಳಿಗೆ ಹಂಚಿದಳು. ಆಮೇಲೆ ಪಡಸಾಲೆಯಲ್ಲಿ ಕೂತು ಎಳೆ ಎತ್ತಿಕೊಂಡಳು.

ಅವಳ ಬದಲು ನನ್ನನ್ನು ಕರೆಯಲಿ ಎಂಬ ಆಸೆ ಇತ್ತೇ? ಇತ್ತು. ಬಸುರಿ, ಮೂರು ಮಕ್ಕಳ ತಾಯಿ, ಆದರೂ ಇತ್ತು. ಯಾರೂ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೋ ಏನೋ — ಇದನ್ನೂ ಬರೆದುಬಿಡುತ್ತೇನೆ, ಇಟ್ಟುಕೊಂಡು ಏನು ಮಾಡಲಿ.

ಒಂದು ತಿಂಗಳಾದ ಮೇಲೆ ಅವರು ತಿರುಗಿ ಬಂದರು. ಕಾಶೀಬಾಯಿ ಗಂಗವ್ವನಿಗೆಂದು ಅಲ್ಲಿಯ ಗಿಡದ ಒಣ ಕಾಯೊಂದನ್ನು ತಂದಿದ್ದರು. ಕಟ್ಟಿಗೆಯಲ್ಲಿ ಕೆತ್ತಿದ ಹಾಗೆ ಪದರ ಪದರ. “ಗುಡ್ಡ ಹೆಂಗದಾವ್ರಿ?” ಎಂದು ಇವಳು ಕೇಳಿದ್ದಕ್ಕೆ ಅವರು, “ಏನ ಹೇಳ್ಲಿ, ನಿಮ್ಮ ಸೆರಗಿನ ರಂಪದಂಗನ ಅದಾವ ನೋಡು” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಗಂಗವ್ವ ಆ ಕಾಯನ್ನು ಗೋಡೆಯ ಗೂಡಿನಲ್ಲಿಟ್ಟಳು. ಇವತ್ತಿಗೂ ಅಲ್ಲೇ ಇದೆ.

ಗುಡ್ಡ ತಪ್ಪಿದ್ದಷ್ಟೇ ಆಗಿದ್ದರೆ ನಾನು ಬಹುಶಃ ಇದನ್ನು ನುಂಗಿಕೊಂಡೇ ಸಾಯುತ್ತಿದ್ದೆ. ಎಷ್ಟೋ ಜನ ಎಷ್ಟೋ ಊರು ನೋಡದೆ ಸತ್ತಿದ್ದಾರೆ. ಆದರೆ ಅಂದಿನಿಂದ ಅವಳು ತನ್ನ ಕೈ ನಂಬಲಿಲ್ಲ. ಓಣಿಯವರು ಅವಳಿಗೆ ಗುಡ್ಡದ ಗಂಗವ್ವ ಎಂದು ಹೆಸರಿಟ್ಟರು. ಯಾವ ಮನೆಯಲ್ಲಿ ಹುಡುಗಿ ಕೊಂಡಿ ತಪ್ಪಿಸಿದರೂ, “ಯಾಕ, ನೀನೂ ಗುಡ್ಡಕ್ಕ ಹೊಂಟೀಯೇನು?” ಎಂದು ಆಡಿಕೊಳ್ಳುವುದು. ಅವಳು ಕೊಂಡಿ ಹಾಕುವುದನ್ನು ಬಿಡಲಿಲ್ಲ. ಬಿಡಲು ಮನೆಯಲ್ಲಿ ಯಾರು ಬಿಡುತ್ತಾರೆ? ಆದರೆ ಪ್ರತಿಯೊಂದು ಹಾಸು ಮುಗಿದಾಗಲೂ ಎದ್ದು ನಿಂತು ನನ್ನನ್ನು ಕರೆಯುತ್ತಿದ್ದಳು:

“ವೈನಿ, ಒಂಚೂರು ಕೈಯಾಡಿಸಿ ನೋಡ್ರಿ. ಬರಾಬರಿ ಐತೇನು?”

ನಾನು ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದೆ. ಬೆರಳಾಡಿಸುತ್ತಿದ್ದೆ. ಅವಳು ನನ್ನ ಮುಖ ನೋಡುತ್ತ ನಿಂತಿರುತ್ತಿದ್ದಳು, ಪರೀಕ್ಷೆಗೆ ನಿಂತ ಕೂಸಿನ ಹಾಗೆ. “ಬರಾಬರಿ ಐತಿ” ಎನ್ನುತ್ತಿದ್ದೆ. ಆಗ ಉಸಿರು ಬಿಡುತ್ತಿದ್ದಳು. ಮೂವತ್ತು ವರ್ಷದ ಮೇಲಾಯಿತು. ಎಷ್ಟು ಸೀರೆ, ಎಷ್ಟು ಸಲ — ಕೆಡಿಸಿದ ಕೈಯಿಂದಲೇ ಅವಳು ತನ್ನ ಕೆಲಸಕ್ಕೆ ಸಾಕ್ಷಿ ಹಾಕಿಸಿಕೊಂಡಳು. ಒಮ್ಮೆಯೂ ತಪ್ಪಿರಲಿಲ್ಲ. ಒಮ್ಮೆಯೂ.

ನಮ್ಮ ಮನೆಯವರು ತೀರಿಕೊಳ್ಳುವಾಗ ಹೇಳಬಹುದಿತ್ತು. ಹಾಸಿಗೆ ಹಿಡಿದು ಎರಡು ತಿಂಗಳು ಮಲಗಿದ್ದರು, ಪುರುಸೊತ್ತು ಬೇಕಾದಷ್ಟಿತ್ತು. ಕಾಲು ಒತ್ತುತ್ತ ಕೂತಿರುತ್ತಿದ್ದೆ. ಹೇಳಲಿಲ್ಲ. ತಂಗಿಯ ಕೈ ತಪ್ಪಿತ್ತೆಂದು ನಂಬಿಕೊಂಡೇ ಹೋದರು.

ಈ ಬೇಸಿಗೆಗೆ ಮೊಮ್ಮಗಳು — ಹುನಗುಂದದ ಶಾಲೆಯಲ್ಲಿ ಕಲಿಸುತ್ತಾಳೆ — ಗೆಳತಿಯರ ಸಂಗಡ ಅದೇ ಕಡೆಗೆ ಹೋಗುವ ಬೇತು ಹಾಕಿದಳು. ಪಡಸಾಲೆಯಲ್ಲಿ ನಕಾಶೆ ಹರಡಿಕೊಂಡು ಕೂತು, ಗೂಡಿನ ಕಾಯಿ ನೋಡಿ, “ಗಂಗಜ್ಜಿ, ಈ ಕಾಯಿ ಬಂದ ಅಡವಿಗೇ ಹೊಂಟೇವಿ. ನೀನೂ ಬಾ” ಎಂದಳು.

“ಬ್ಯಾಡವ್ವ,” ಎಂದಳು ಗಂಗವ್ವ. “ನಾ ಆಸೆ ಮಾಡಿದ್ರ ಕೈ ಕೆಡ್ತಾವ.”

ದುಃಖದಿಂದ ಹೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದಳು. ನಾನು ಜೋಳ ಹಸನು ಮಾಡುತ್ತಿದ್ದೆ. ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಆಸೆ ಮಾಡಬಾರದೆಂದು ಅವಳಿಗೆ ಕಲಿಸಿದವಳು ನಾನು.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಹೇಳಿದೆ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. “ಕೆರೂರಿನ ಸೀರಿ ಕೊಂಡಿ ಬಿಡಿಸಿದಾಕಿ ನಾನು, ಗಂಗವ್ವ. ಬಿಡಿಸಿ ಗಂಜಿ ಹಚ್ಚಿದ್ದೆ” ಎಂದೆ.

ಅವಳು ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕೈ ನಿಂತಿತು. “ಗಂಜಿ?” ಎಂದಳು.

“ಹೂಂ.”

“ತುದಿಗೆ ಬೆಳ್ಳಗ ಪುಡಿ ಇತ್ತು. ನಾ ನೋಡಿದ್ದೆ.” ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. “ಕೋಟು ಹಾಕ್ಕೊಂಡು ಬೆವತ ಬಂದಿದ್ನೆಲ್ರಿ. ಬಗ್ಗಿ ಕೂತಾಗ ಕೈಯಿಂದ ನಡುವ ಹತ್ತಿದ ನನ್ನ ಬೆವರಿನ ಉಪ್ಪು ಅಂತ ತಿಳಕೊಂಡಿದ್ದೆ. ಉಪ್ಪಿಗೆ ಎಳಿ ಬಿಟ್ಟಾವ ಅಂತ. ಅವತ್ತಿನಿಂದ ಬ್ಯಾಸಿಗ್ಯಾಗ ನಾ ಎಳಿ ಮುಟ್ಟೂಮುಂದ ಹತ್ತ ಸಲ ಕೈ ತೊಳಕೋತೇನಿ.”

ಅದನ್ನು ನಾನು ದಿನಾ ನೋಡಿದ್ದೆ. ಮಡಿ ಜಾಸ್ತಿಯಾಗಿದೆ ಎಂದು ನಗೆಯಾಡಿದ್ದೆ.

ತಪ್ಪಾಯಿತು ಎಂದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚಲೋ ಇತ್ತು. ಬಟ್ಟೆ ಹಿಂಡಿ ಒಣಹಾಕಿದಳು. ಆಮೇಲೆ ಬಂದು ನಿಂತು ಹೇಳಿದಳು:

“ನನಗ ಹೇಳಿದ್ರ ಏನಾತ್ರಿ ವೈನಿ? ನನ್ನ ಕೈ ಸೋತದ್ದು ಓಣಿ ಮುಂದ. ಓಣಿಗೆ ಹೇಳ್ರಿ.”

ಅದಕ್ಕೇ ಈ ಬರಹ. ಅಂದು ಹಾಸು ಚಾಚಿ ನಕ್ಕವರಲ್ಲಿ ಅರ್ಧದಷ್ಟು ಜನ ಈಗ ಇಲ್ಲ. ಮಾಸ್ತರರೂ ಇಲ್ಲ, ಕಾಶೀಬಾಯಿಯೂ ಇಲ್ಲ. ಉಳಿದವರು ಓದಲಿ, ಓದಲು ಬಾರದವರಿಗೆ ಓದಿ ಹೇಳಲಿ. ಮೊಮ್ಮಗಳು ಸಂಜೆ ಇದನ್ನು ಮಾಸ್ತರರ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುತ್ತಾಳೆ, ಆ ಪತ್ರ ಓದಿದ ಜಾಗದಲ್ಲೇ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಮುಖಕ್ಕೆ ಸೆರಗು ಮುಚ್ಚಿಕೊಳ್ಳುವುದಿಲ್ಲ.

ಗುಡ್ಡಕ್ಕೆ ಬಾ ಎಂದು ಮೊಮ್ಮಗಳು ಮತ್ತೊಮ್ಮೆ ಕರೆದಳು. ಗಂಗವ್ವ ತನ್ನ ಮೊಣಕಾಲು ತಟ್ಟಿ ತೋರಿಸಿ, “ಈಗ ಇವು ಒಲ್ಲೆ ಅಂತಾವವ್ವ” ಎಂದಳು.

ನಿನ್ನೆ ನನ್ನ ಮಗ ಹೊಸ ಹಾಸು ತಂದು ಚಾಚಿದ. ಗಂಗವ್ವ ಕನ್ನಡಕ ಏರಿಸಿಕೊಂಡು ಕೂತಳು. ಕೈ ತೊಳೆಯಲಿಲ್ಲ. ಬೆಳಗಿನಿಂದ ಸಂಜೆಯ ತನಕ ಕೂತು ಕೊಂಡಿ ಮುಗಿಸಿ ಎದ್ದಳು. ನಾನು ರೂಢಿಯಂತೆ ಒಲೆಯ ಮುಂದಿನಿಂದ ಎದ್ದು ಬಂದು ಕೈ ಚಾಚಿದೆ.

“ಬ್ಯಾಡ್ರಿ,” ಎಂದು ಹಾಸನ್ನು ತನ್ನ ಕಡೆಗೆ ಎಳೆದುಕೊಂಡಳು.

ಆ ಸೀರೆಯ ಕೊಂಡಿ ಹೇಗಿದೆಯೋ ನನಗೆ ಗೊತ್ತಿಲ್ಲ.